ತಂಗಿಯ ಕಣ್ಣು, ನನ್ನ ಚಾಳೀಸು

ನನ್ನ ತಂಗಿಯ ಕಣ್ಣು ಚೆನ್ನಾಗಿದ್ದವು ಎಂದು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ಬೇರೆ ಯಾರಾದರೂ ಹೇಳುತ್ತಾರೆ. ನಮ್ಮೂರು ಇಂಡಿಯಲ್ಲಿ ಓಣಿಯ ಮಂದಿ ಅದನ್ನು ಹೇಳದೆ ಬಿಟ್ಟ ದಿನವನ್ನು ನಾನು ಕಂಡಿಲ್ಲ. ಹಾಲು ತರುವವಳು ಹೇಳುತ್ತಿದ್ದಳು, ಬಳೆ ತೊಡಿಸಲು ಬಂದವನು ಹೇಳುತ್ತಿದ್ದ. ಒಮ್ಮೆ ಸತ್ತವರ ಮನೆಗೆ ಮಾತನಾಡಿಸಲು ಹೋದಾಗ ಅಲ್ಲಿದ್ದ ಹೆಂಗಸೊಬ್ಬಳು ಅಳು ನಿಲ್ಲಿಸಿ, “ಸಣ್ಣಾಕಿ ಕಣ್ಣು ಎಷ್ಟ ಚಂದ ಅದಾವಲ್ಲ” ಎಂದು ಮತ್ತೆ ಅಳಲು ಶುರುಮಾಡಿದ್ದಳು. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ನನ್ನ ವಿಷಯಕ್ಕೆ ಅವರೆಲ್ಲ ಕೇಳುತ್ತಿದ್ದುದು ಒಂದೇ ಮಾತು: “ಇಕಿ ಅಕ್ಕ ಏನು?”

ಇದು ಐವತ್ತರ ದಶಕದ ಮಾತು. ಅಪ್ಪನದು ಪೇಟೆಯಲ್ಲಿ ಅರಿವೆ ಅಂಗಡಿ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ ನಮ್ಮ ಆಯಿ, ನಾನು, ಮತ್ತು ಆ ಕಣ್ಣು. ತಂಗಿಯನ್ನು ನಾನು ಮನಸ್ಸಿನಲ್ಲಿ ಹಾಗೆಯೇ ಲೆಕ್ಕ ಹಿಡಿಯುತ್ತಿದ್ದೆ. ಅವಳಿಗೆ ಮೂಗು, ಬಾಯಿ, ಸ್ವಭಾವ ಎಲ್ಲ ಇದ್ದವು. ಸ್ವಭಾವವಂತೂ ನನಗಿಂತ ಒಳ್ಳೆಯದೇ ಇತ್ತು. ಅದರಿಂದ ನನಗೆ ಇನ್ನಷ್ಟು ಹೊಟ್ಟೆ ಉರಿಯುತ್ತಿತ್ತು. ಕೆಟ್ಟವಳಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಕಾಡಿಗೆ ಮಾಡುವುದು ಆಯಿಯ ಕೆಲಸ. ಬಿಳಿ ಅರಿವೆಯ ತುಂಡನ್ನು ಗರಗದ ಸೊಪ್ಪಿನ ರಸದಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಬತ್ತಿ ಹೊಸೆಯುತ್ತಿದ್ದಳು. ಮಧ್ಯಾಹ್ನ ಗಾಳಿಯಾಡದ ಒಳಕೋಣೆಯಲ್ಲಿ ಔಡಲ ಎಣ್ಣೆಯ ಹಣತೆ ಹಚ್ಚಿ, ಎರಡೂ ಕಡೆ ಇಟ್ಟಂಗಿ ಇಟ್ಟು, ಮೇಲೆ ತಾಮ್ರದ ತಾಟು ಬೋರಲು ಹಾಕಿದರೆ ಸಂಜೆಯ ಹೊತ್ತಿಗೆ ತಾಟಿನ ತಳಕ್ಕೆ ಮಸಿ ಹಿಡಿದಿರುತ್ತಿತ್ತು. ಅದನ್ನು ಕೆರೆದು, ತುಪ್ಪ ಹಾಕಿ ಬೆರಳಿನಿಂದ ನುರಿದು, ಹಿತ್ತಾಳೆಯ ಡಬ್ಬಿಗೆ ತುಂಬುತ್ತಿದ್ದಳು. ಅಜ್ಜ ತೀರಿಕೊಂಡ ಮೇಲೆ ಆಯಿ ತಾನು ಹಚ್ಚಿಕೊಳ್ಳುವುದನ್ನು ಬಿಟ್ಟಿದ್ದಳು. ಆ ಆಸೆಯನ್ನೆಲ್ಲ ತಂಗಿಯ ಕಣ್ಣಿನಲ್ಲಿ ತೀರಿಸಿಕೊಳ್ಳುತ್ತಿದ್ದಳು.

ಬೆಳಿಗ್ಗೆ ಜಳಕವಾದ ಮೇಲೆ ನಾವಿಬ್ಬರೂ ಆಯಿಯ ಮುಂದೆ ಕುಳಿತುಕೊಳ್ಳಬೇಕು. ಮೊದಲ ಸರದಿ ತಂಗಿಯದು. ಅವಳ ಗದ್ದ ಹಿಡಿದು, ಕಿರುಬೆರಳಿನಿಂದ ಕೆಳಗೊಂದು ಗೆರೆ, ಮೇಲೊಂದು ಗೆರೆ ಎಳೆದು, ಕೊನೆಗೆ ಕಿವಿಯ ಕಡೆ ತುಸು ಬಾಲ ಬಿಡುತ್ತಿದ್ದಳು. ಆಮೇಲೆ ಹಿಂದೆ ಸರಿದು ನೋಡುತ್ತಿದ್ದಳು. ನೋಡಿ ಮುಗಿದ ಮೇಲೆ ಬೆರಳಿಗೆ ಉಳಿದದ್ದನ್ನು ನನಗೆ ಒರೆಸುತ್ತಿದ್ದಳು. ಒರೆಸುತ್ತಿದ್ದಳು ಎಂದೇ ಬರೆಯುತ್ತೇನೆ, ಬೇರೆ ಮಾತಿಲ್ಲ. ಇಷ್ಟಾದ ಮೇಲೆ ತಂಗಿಯ ಗಲ್ಲದ ಮೇಲೆ ದೃಷ್ಟಿಬೊಟ್ಟು. ನನಗೂ ಇಡು ಎಂದು ಒಮ್ಮೆ ಕೇಳಿದೆ.

“ನಿನಗ ಯಾರ ದೃಷ್ಟಿ ತಾಗತೈತಿ, ಹೋಗ ಸಾಲಿಗಿ” ಎಂದಳು ಆಯಿ.

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಒಲೆಗೆ ಕಟ್ಟಿಗೆ ಹಾಕು ಎನ್ನುವಷ್ಟೇ ಸಲೀಸಾಗಿ ಹೇಳಿದಳು. ಓಣಿಯ ಮಂದಿಯ ಕೆಟ್ಟ ಕಣ್ಣು ತಂಗಿಗೆ ಬೀಳದಿರಲಿ ಎಂದು ಆಯಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ದೃಷ್ಟಿ ಹಾಕುವವರು ಹೊರಗಿನಿಂದ ಬರಬೇಕಿರಲಿಲ್ಲ. ನಾನು ತಂಗಿಯ ಜೊತೆ ಒಂದೇ ಕೌದಿಯೊಳಗೆ ಮಲಗುತ್ತಿದ್ದೆ.

ನನಗೆ ಬೇಕಾಗಿದ್ದುದು ದೊಡ್ಡದೇನಲ್ಲ. ನಾವಿಬ್ಬರೂ ಇರುವ ಕಡೆ ಯಾರಾದರೂ ಒಬ್ಬರು, ಒಮ್ಮೆಯಾದರೂ, ಮೊದಲು ನನ್ನನ್ನು ನೋಡಬೇಕು. ಆಮೇಲೆ ಅವಳನ್ನು ನೋಡಲಿ, ಬೇಡ ಎನ್ನುವುದಿಲ್ಲ. ಮೊದಲು ನನ್ನನ್ನು. ಈ ಒಂದು ಆಸೆ ನನಗೆ ಎಷ್ಟು ದುಬಾರಿ ಬಿತ್ತೆಂದು ಮುಂದೆ ಹೇಳುತ್ತೇನೆ.

ಸಾಲಿಯಲ್ಲಿ ಕರಿಹಲಗೆಯ ಮೇಲೆ ಬರೆದದ್ದು ನನಗೆ ಕಾಣುತ್ತಿರಲಿಲ್ಲ. ಕಾಣುವುದಿಲ್ಲ ಎಂದು ನನಗೆ ಗೊತ್ತೂ ಇರಲಿಲ್ಲ. ಎಲ್ಲರಿಗೂ ಲೋಕ ಹಾಗೆಯೇ ಮಂಜುಮಂಜಾಗಿರುತ್ತದೆ, ಉಳಿದವರು ಜಾಣರು ಎಂದುಕೊಂಡಿದ್ದೆ. ಪಾಠ ಹೇಳುವ ಅಕ್ಕೋರು ನಾನು ಪಕ್ಕದವಳ ಪಾಟಿ ನೋಡಿ ಬರೆಯುತ್ತೇನೆಂದು ಮನೆಗೆ ಹೇಳಿಕಳಿಸಿದರು. ಅಪ್ಪ ಅರಿವೆ ತರಲು ಸೊಲ್ಲಾಪುರಕ್ಕೆ ಹೋಗುವಾಗ ರೈಲಿನಲ್ಲಿ ನನ್ನನ್ನೂ ಕರೆದುಕೊಂಡು ಹೋಗಿ ಕಣ್ಣಿನ ಡಾಕ್ಟರರಿಗೆ ತೋರಿಸಿದ. ಬರುವಾಗ ನನ್ನ ಮೂಗಿನ ಮೇಲೆ ದಪ್ಪ ಗಾಜಿನ ಗುಂಡು ಚಾಳೀಸು ಇತ್ತು. ಚಾಳೀಸು ಎಂದರೆ ನಮ್ಮ ಕಡೆ ಕನ್ನಡಕ. ನಲವತ್ತು ದಾಟಿದವರು ಹಾಕುವುದೆಂದು ಎಲ್ಲರಿಗೂ ಗೊತ್ತು. ನನಗಿನ್ನೂ ಲಂಗ ಉಡುವ ವಯಸ್ಸು.

ಮನೆಗೆ ಬಂದಾಗ ಅವ್ವ ನನ್ನನ್ನು ನೋಡಿ ಹೊಸ್ತಿಲ ಮೇಲೇ ಕುಳಿತುಬಿಟ್ಟಳು. “ಹೆಣ್ಣಮಗಳಿಗಿ ಚಾಳೀಸು ಹಾಕ್ಸ್ಕೊಂಡು ಬಂದೀರಲ್ಲ. ನಾಳಿ ಯಾರ ಮಾಡ್ಕೋತಾರ ಇಕಿನ್ನ?” ಎಂದು ಅಪ್ಪನನ್ನು ಕೇಳಿದಳು. ಅಪ್ಪ, “ಕಣ್ಣ ಕಾಣದಾಕಿನ್ನ ಯಾರ ಮಾಡ್ಕೋತಾರ?” ಎಂದ. ಇಬ್ಬರ ಮಾತೂ ನಿಜವೇ ಆಗಿತ್ತು. ನನ್ನ ಲಕ್ಷ್ಯ ಆ ಮಾತಿನ ಮೇಲೆ ಇರಲಿಲ್ಲ. ಪಡಸಾಲೆಯ ಆಚೆ ತುದಿಯಲ್ಲಿ ಕಂಬಕ್ಕೆ ಒರಗಿ ತಂಗಿ ನಿಂತಿದ್ದಳು. ಅಲ್ಲಿಯವರೆಗೆ ಅವಳ ಕಣ್ಣು ನನ್ನ ಪಾಲಿಗೆ ಬರೀ ಕೇಳಿದ ಮಾತು. ಹತ್ತಿರದಿಂದ ನಾನು ನೋಡುತ್ತಿದ್ದುದು ಕೌದಿಯೊಳಗೆ, ಅವಳು ನಿದ್ದೆ ಹೋಗಿದ್ದಾಗ. ಅಂದು ಕಣ್ಣಾರೆ ಕಂಡೆ. ಮಂದಿ ಹೇಳುವುದರಲ್ಲಿ ಒಂದು ಗುಂಜಿಯೂ ಹೆಚ್ಚಿರಲಿಲ್ಲ. ಚಾಳೀಸು ತೆಗೆದು ಕೈಯಲ್ಲಿ ಹಿಡಿದುಕೊಂಡೆ. ನನ್ನ ಹೊಟ್ಟೆಕಿಚ್ಚು ಸರಿಯಾಗಿ ಹೊತ್ತಿಕೊಂಡದ್ದು ಅವತ್ತು.

ಚಾಳೀಸು ಬಂದ ಮೇಲೆ ನನ್ನ ಕಾಡಿಗೆಯ ಕಥೆ ಮುಗಿಯಿತು. ಹಚ್ಚಿಕೊಂಡರೂ ದಪ್ಪ ಗಾಜಿನ ಹಿಂದೆ ಕಣ್ಣು ಸಣ್ಣಗಾಗಿ, ಎರಡು ಹೆಸರುಕಾಳಿನಷ್ಟು ಕಾಣುತ್ತಿದ್ದವು. ರೆಪ್ಪೆಯ ಜಿಡ್ಡು ಗಾಜಿಗೆ ತಾಗಿ ದಿನವಿಡೀ ಒರೆಸಬೇಕು. ನಾನೇ ಹಚ್ಚಿಕೊಳ್ಳೋಣವೆಂದರೆ ಆಗುತ್ತಿರಲಿಲ್ಲ. ಚಾಳೀಸು ಹಾಕಿಕೊಂಡರೆ ಬೆರಳು ಒಳಗೆ ಹೋಗುವುದಿಲ್ಲ. ತೆಗೆದರೆ ಕನ್ನಡಿ ಮೂಗಿಗೆ ತಾಗುವಷ್ಟು ಹತ್ತಿರ ಬಂದ ಹೊರತು ಏನೂ ಕಾಣುವುದಿಲ್ಲ, ಅಷ್ಟು ಹತ್ತಿರ ಬಂದರೆ ಬೆರಳಿಗೆ ಜಾಗವಿರುವುದಿಲ್ಲ. ಉಸಿರು ತಾಗಿ ಕನ್ನಡಿಯೂ ಮಸಕಾಗುತ್ತಿತ್ತು. ಅಷ್ಟರಲ್ಲಿ ಆಯಿಯ ಕೈ ನಡುಗಲು ಶುರುವಾಗಿತ್ತು. ಹಬ್ಬ, ಮದುವೆ ಎಂದು ನನ್ನ ಕಣ್ಣಿಗೆ ಕಾಡಿಗೆ ಬೇಕಾದಾಗ ಹಚ್ಚಬೇಕಾದವಳು ತಂಗಿ. ಅವಳ ಎದುರು ಮುಖ ಎತ್ತಿ, ಕಣ್ಣು ಬಿಟ್ಟು, ಅಲುಗಾಡದೆ ನಾನು ಕುಳಿತುಕೊಳ್ಳಬೇಕು. ಇದಕ್ಕಿಂತ ದೊಡ್ಡ ಶಿಕ್ಷೆ ನನಗೆ ಗೊತ್ತಿರಲಿಲ್ಲ.

ಅರವತ್ತರ ದಶಕ ಶುರುವಾಗುವ ಹೊತ್ತಿಗೆ ನನಗೆ ಗಂಡು ನೋಡತೊಡಗಿದರು. ಸಿಂದಗಿಯಲ್ಲಿದ್ದ ನಮ್ಮ ಸೋದರಮಾವ ಈ ಕೆಲಸವನ್ನು ಮೈಮೇಲೆ ಹಾಕಿಕೊಂಡಿದ್ದ. ಅವನ ಕರಾರು ಒಂದೇ: “ಚಾಳೀಸು ಮಾತ್ರ ಅವತ್ತ ಬ್ಯಾಡ. ಮದಿವ್ಯಾದ ಮ್ಯಾಲ ಬೇಕಾದ್ರ ದುರ್ಬೀನ ಹಾಕೊಳ್ಳಿ.” ಮೊದಲು ಬಂದವರು ಬಸವನ ಬಾಗೇವಾಡಿಯವರು. ಬೆಳಿಗ್ಗೆಯಿಂದ ತಂಗಿ ನನ್ನ ಬೆನ್ನು ಬಿದ್ದಿದ್ದಳು. ತಲೆ ಬಾಚಿದಳು, ಸೀರೆ ಉಡಿಸಿದಳು, ಕಾಡಿಗೆ ಹಚ್ಚಿದಳು. ಹಚ್ಚಿ, ಆಯಿ ಮಾಡುವಂತೆಯೇ ಹಿಂದೆ ಸರಿದು ನೋಡಿ, “ಚಂದ ಕಾಣಾಕತ್ತಿ ಅಕ್ಕಾ” ಎಂದಳು. ಅವಳು ಹೇಳಿದ್ದನ್ನು ನಂಬಬೇಕು, ನನಗಂತೂ ಕಾಣುವುದಿಲ್ಲ.

ಬಾಗೇವಾಡಿಯವರು ಬಂದರು, ಕುಳಿತರು, ಸುಸಲಾ ತಿಂದರು. ನಾನು ತಲೆ ತಗ್ಗಿಸಿ ಕುಳಿತಿದ್ದೆ. ತಂಗಿ ನೀರಿನ ತಂಬಿಗೆ ತಂದಿಟ್ಟು ಹೋದಳು, ಅಷ್ಟೇ. ಗಂಡಿನ ಸೋದರತ್ತೆ ಎದ್ದು ಹೋಗುವಾಗ ಅವ್ವನನ್ನು ಬಾಗಿಲ ಮರೆಗೆ ಕರೆದು, “ದೊಡ್ಡಾಕಿ ಇರ್ಲಿ ಬಿಡ್ರಿ, ಆ ನೀರ ತಂದ ಹುಡುಗಿನ್ನ ಕೊಡ್ತೀರೇನು?” ಎಂದು ಕೇಳಿದಳು. ದೊಡ್ಡವಳದು ಆಗದೆ ಸಣ್ಣವಳದು ಇಲ್ಲ ಎಂದು ಅಪ್ಪ ಖಡಾಖಂಡಿತ ಹೇಳಿ ಕಳಿಸಿದ. ಅವರು ಹೋದ ಮೇಲೆ ಚಾಳೀಸು ಹಾಕಿಕೊಂಡು ಕನ್ನಡಿ ನೋಡಿದೆ. ನನ್ನ ಎಡಗಣ್ಣಿನ ಗೆರೆ ಬಲಗಣ್ಣಿಗಿಂತ ದಪ್ಪವಿತ್ತು, ತುಸು ಸೊಟ್ಟವೂ ಇತ್ತು. ಬೇಕೆಂದೇ ಮಾಡಿದ್ದಾಳೆ ಎಂದು ನನಗೆ ಅನ್ನಿಸಿತು. ಅನ್ನಿಸಿತು ಎಂದರೆ ಸಾಲದು, ಖಾತ್ರಿಯಾಯಿತು. ತಂಗಿ ಅಳುತ್ತ, “ನೀ ರೆಪ್ಪಿ ಬಡದಿ ಅಕ್ಕಾ, ಅದಕ್ಕ ಹಂಗಾತು” ಎಂದಳು. ಅಳುವಾಗಲೂ ಅವಳ ಕಣ್ಣು ಚೆನ್ನಾಗಿಯೇ ಕಾಣುತ್ತಿದ್ದವು. ನಾನು ಅತ್ತರೆ ಮೂಗು ಕೆಂಪಾಗುತ್ತದೆ.

ಮುಂದೆ ಮುದ್ದೇಬಿಹಾಳದವರು ಬರುತ್ತಾರೆ ಎಂದು ಮಾವ ಹೇಳಿಕಳಿಸಿದಾಗ ಮನೆಯವರೆಲ್ಲ ಕೂಡಿ ಹೊಸ ಉಪಾಯ ಹೂಡಿದರು. ತಂಗಿಯನ್ನು ಅವತ್ತಿನ ಮಟ್ಟಿಗೆ ಪಕ್ಕದ ಮನೆಯಲ್ಲಿ ಇಡುವುದು. ಪಕ್ಕದ ಮನೆಯ ಮುಸಲ್ಮಾನರು ನಮ್ಮಷ್ಟೇ ಹಳೆಯ ಇಂಡಿಯವರು, ಕಾಳಿನ ವ್ಯಾಪಾರಸ್ಥರು. ಮನೆಯ ಹೆಂಗಸನ್ನು ನಾವು ಖಾಲಾ ಎನ್ನುತ್ತಿದ್ದೆವು. ಮದುವೆಯಾಗದ ಅಕ್ಕ ಇರುವಾಗ ಚೆಂದದ ತಂಗಿಯನ್ನು ಹೀಗೆ ಬಚ್ಚಿಡುವುದು ನಮ್ಮಲ್ಲಿ ಹೊಸದೇನಲ್ಲ, ಎಷ್ಟೋ ಮನೆಗಳಲ್ಲಿ ಮಾಡುತ್ತಿದ್ದರು. ನನ್ನ ಎದುರಿಗೇ ಕುಳಿತು ಈ ಮಾತು ಆಡಿದರು ಎನ್ನುವುದಷ್ಟೇ ನನ್ನ ತಕರಾರು.

ನಾನೂ ಒಂದು ಉಪಾಯ ಹೂಡಿದ್ದೆ. ಖಾಲಾನ ಗಂಡ ಶುಕ್ರವಾರ ನಮಾಜಿಗೆ ಹೋಗುವ ಮುಂಚೆ ಬಾಗಿಲಲ್ಲಿ ನಿಂತೇ ಸುರ್ಮಾ ಹಚ್ಚಿಕೊಳ್ಳುವುದನ್ನು ನೋಡಿದ್ದೆ. ಸುರ್ಮಾದಾನಿಯಲ್ಲಿ ಸಣ್ಣ ಕಡ್ಡಿ ಅದ್ದಿ, ಕಣ್ಣಿನ ಮೂಲೆಗಿಟ್ಟು, ರೆಪ್ಪೆ ಮುಚ್ಚಿ, ಹೊರಗೆ ಎಳೆದರೆ ಮುಗಿಯಿತು. ಕನ್ನಡಿ ಬೇಡ, ಬೆಳಕು ಬೇಡ, ಇನ್ನೊಬ್ಬರ ಕೈ ಬೇಡ. ಕಣ್ಣು ಕಾಣದವಳಿಗೆ ಇದಕ್ಕಿಂತ ಬೇರೆ ಏನು ಬೇಕು? ಮುದ್ದೇಬಿಹಾಳದವರು ಬರುವ ದಿನ, ಸೀರೆ ಉಟ್ಟು ಮುಗಿದ ಮೇಲೆ, ಹಿತ್ತಲ ಬಾಗಿಲಿನಿಂದ ಖಾಲಾನ ಮನೆಗೆ ಹೋದೆ.

ತಂಗಿ ಅಲ್ಲಿ ಮೊರ ಹಿಡಿದು ಖಾಲಾನ ತೊಗರಿಬೇಳೆ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಎದ್ದು ಬಂದಳು. “ಬಾ ಅಕ್ಕಾ, ಕಾಡಗಿ ನಾ ಹಚ್ತೇನಿ. ಈ ಸರ್ತಿ ಛಂದಂಗ ಹಚ್ತೇನಿ.”

“ನಿನ್ನ ಕೈಯಾಗಿನ ಕಾಡಗಿ ಬಾಗೇವಾಡ್ಯಾವರ ಮುಂದ ನೋಡೇನಿ, ಸಾಕು” ಎಂದೆ.

ಸುರ್ಮಾ ಕೊಡು ಎಂದು ಕೇಳಿದಾಗ ಖಾಲಾ ಇಬ್ಬರನ್ನೂ ನೋಡಿ, ಸುರ್ಮಾದಾನಿ ತಂದುಕೊಟ್ಟಳು. “ಒಂದ ಸಲ ಎಳಕೊಳ್ಳವ್ವ. ರೂಢಿ ಇಲ್ದಾವ್ರಿಗಿ ಉರಿತೈತಿ.” ಒಂದು ಸಲ ಎಳೆದುಕೊಂಡೆ. ತಣ್ಣಗಾಯಿತು. ಕಪ್ಪು ಬಂದಿತೋ ಇಲ್ಲವೋ ತಿಳಿಯಲಿಲ್ಲ. ತಂಗಿಯನ್ನು ಕೇಳಲು ಮನಸ್ಸಾಗಲಿಲ್ಲ. ಅವಳ ಕಾಡಿಗೆಗಿಂತ ಕಪ್ಪಗೆ ಬರಲಿ ಎಂದು ಮತ್ತೆ ಎಳೆದೆ, ಇನ್ನೊಮ್ಮೆ ಎಳೆದೆ. ಖಾಲಾ ನನ್ನ ಕೈಯಿಂದ ಕಡ್ಡಿ ಕಸಿದುಕೊಂಡಳು. “ಸಾಕು, ಮನೀ ಗ್ವಾಡಿಗಿ ಸುಣ್ಣ ಹಚ್ಚಾಕತ್ತಿಲ್ಲ ನೀ.” ತಂಗಿ ನನ್ನ ಮುಖ ನೋಡಿ ಏನೋ ಹೇಳಲು ಬಾಯಿ ತೆರೆದಳು. ಅವಳ ಮಾತು ಕೇಳಲು ನಾನು ಅಲ್ಲಿ ನಿಲ್ಲಲಿಲ್ಲ.

ಬಂದವರು ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಕುಳಿತಿದ್ದರು: ಗಂಡು, ಗಂಡಿನ ತಾಯಿ, ಒಬ್ಬ ಕಾಕಾ. ನನ್ನ ಪಾಲಿಗೆ ತಲೆಗೆ ಸುತ್ತಿದ ಒಂದು ಬಿಳಿ ಪಟಕ, ಒಂದು ಹಸಿರು ಸೀರೆ, ಒಂದು ಕರಿ ಟೊಪ್ಪಿಗೆ. ಪಟಕ ಕಾಕಾನದು, ಟೊಪ್ಪಿಗೆ ಗಂಡಿನದು ಎಂದು ಲೆಕ್ಕ ಹಾಕಿದೆ. ಚಹಾ ಕೊಟ್ಟು ಕುಳಿತೆ. ಅಷ್ಟರಲ್ಲಿ ಕಣ್ಣು ಉರಿಯಲು ಶುರುವಾಗಿತ್ತು. ಒರೆಸಿಕೊಂಡರೆ ಹಚ್ಚಿದ್ದೆಲ್ಲ ಹೋಗುತ್ತದೆಂದು ಹಲ್ಲು ಕಚ್ಚಿ ತಡೆದುಕೊಂಡೆ. ಎಲ್ಲರೂ ಮಾತು ನಿಲ್ಲಿಸಿ ಸುಮ್ಮನಾದರು. ನನ್ನನ್ನೇ ನೋಡುತ್ತಿದ್ದಾರೆ ಎಂದು ತಿಳಿಯಿತು. ಇದೇ ತಾನೇ ನಾನು ಇಷ್ಟು ವರ್ಷ ಬಯಸಿದ್ದು. ಸುರ್ಮಾದ ಉರಿಯಲ್ಲೂ ನನಗೆ ಒಳಗೊಳಗೇ ಹಿಗ್ಗಾಯಿತು.

ಆಮೇಲೆ ಕರಿ ಟೊಪ್ಪಿಗೆ ಹಿಂದಕ್ಕೆ ವಾಲಿತು. ಬಿಳಿ ಪಟಕವೂ ವಾಲಿತು. ಮೇಲೆ ಏನು ನೋಡುತ್ತಾರೆ, ಮಾಳಿಗೆಯ ತೊಲೆ ಎಣಿಸುತ್ತಾರೋ ಎಂದುಕೊಂಡೆ. ಹಸಿರು ಸೀರೆ ಮಾತ್ರ ಮುಂದೆ ಬಾಗಿತು.

“ಯಾಕವ್ವ, ಅಳಾಕತ್ತಿ? ಮನಸಿಲ್ಲೇನು?” ಎಂದಳು ಗಂಡಿನ ತಾಯಿ.

“ಅಡಗಿಮನ್ಯಾಗ ಹೊಗಿ ಆಗಿತ್ರಿ” ಎಂದ ಅಪ್ಪ. ಅದೇ ಹೊತ್ತಿಗೆ ಅವ್ವ ಬಾಗಿಲ ಮರೆಯಿಂದ, “ಉಳ್ಳಾಗಡ್ಡಿ ಹೆಚ್ಚಾಕತ್ತಿದ್ಲರಿ” ಎಂದಳು. ಮಾವ ಮೂರನೆಯದೊಂದು ಸುಳ್ಳಿಗೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಒಬ್ಬಳ ಕಣ್ಣಿನ ಕುಂದು ಮುಚ್ಚಿಡಲು ಇಷ್ಟು ಮಂದಿ, ಇನ್ನೊಬ್ಬಳ ಕಣ್ಣು ಬಚ್ಚಿಡಲು ಪಕ್ಕದ ಮನೆಯೂ ಬೇಕು.

“ಹೊಗಿನೂ ಇಲ್ಲ, ಉಳ್ಳಾಗಡ್ಡಿನೂ ಇಲ್ರಿ” ಎಂದೆ. “ಸುರ್ಮಾ ಹಚ್ಕೊಂಡೇನಿ, ಉರಿಯಾಕತ್ತೈತಿ. ನನಗ ದೂರಂದು ಕಾಣಂಗಿಲ್ರಿ. ನನ್ನ ಚಾಳೀಸು ಹಿಟ್ಟಿನ ಡಬ್ಬ್ಯಾಗ ಇಟ್ಟಾರ.”

ಅವ್ವ ಒಳಗೆ ಗೋಡೆಗೆ ತಲೆ ಆನಿಸಿ ನಿಂತಿರಬೇಕು. ಗಂಡಿನ ತಾಯಿ, “ತರ್ರಿ ಮತ್ತ, ಹಾಕೊಳ್ಳಿ. ಹುಡುಗನ್ನ ಅಕಿನೂ ನೋಡಬ್ಯಾಡೇನು?” ಎಂದಳು. ಚಾಳೀಸು ಬಂತು. ಮೇಲೆಲ್ಲ ಜೋಳದ ಹಿಟ್ಟು. ಸೆರಗಿನಿಂದ ಒರೆಸಿ ಹಾಕಿಕೊಂಡೆ.

ಮೊದಲು ಕಂಡದ್ದು ಗಂಡಿನ ಗಂಟಲಮಣಿ. ಅವರು ಇನ್ನೂ ಮೇಲೆಯೇ ನೋಡುತ್ತಿದ್ದರು, ಬಾಯಿ ತುಸು ತೆರೆದಿತ್ತು. ನಾನೂ ಮೇಲೆ ನೋಡಿದೆ. ನಮ್ಮ ಕಡೆಯ ಮಣ್ಣಿನ ಮಾಳಿಗೆಗಳಲ್ಲಿ ಬೆಳಕು ಬರಲಿ, ಹೊಗೆ ಹೋಗಲಿ ಎಂದು ನಡುವೆ ಒಂದು ಕಿಂಡಿ ಬಿಟ್ಟಿರುತ್ತಾರೆ, ಬೆಳಕಿಂಡಿ. ಆ ಬೆಳಕಿಂಡಿಯಲ್ಲಿ, ಬಿಸಿಲಿನ ನಡುವೆ, ನನ್ನ ತಂಗಿಯ ಎರಡು ಕಣ್ಣು ಇದ್ದವು. ಅವಳನ್ನು ಪಕ್ಕದ ಮನೆಯಲ್ಲಿ ಬಚ್ಚಿಟ್ಟ ನಮ್ಮ ಮನೆಯ ಶಾಣ್ಯಾರು ಒಂದನ್ನು ಮರೆತಿದ್ದರು. ಖಾಲಾನ ಮಾಳಿಗೆ, ನಮ್ಮ ಮಾಳಿಗೆ ಒಂದಕ್ಕೊಂದು ಕೂಡಿಕೊಂಡಿದ್ದವು. ಹಪ್ಪಳ, ಸಂಡಿಗೆ ಒಣಗಿಸಲು ದಿನಾ ಅದೇ ದಾರಿಯಲ್ಲಿ ನಾವು ಓಡಾಡುತ್ತಿದ್ದೆವು. ತಂಗಿ ಅಲ್ಲಿಂದ ನಡೆದು ಬಂದು, ಕಿಂಡಿಯ ಮುಚ್ಚಳದ ಕಲ್ಲು ಸರಿಸಿ, ಬಗ್ಗಿ ನನ್ನ ಕಡೆ ನೋಡುತ್ತ, ಬೆರಳಿನಿಂದ ತನ್ನ ಗಲ್ಲ ಒರೆಸಿಕೊಂಡು ತೋರಿಸುತ್ತಿದ್ದಳು. ಮತ್ತೆ ಮತ್ತೆ ತೋರಿಸುತ್ತಿದ್ದಳು. ಅವಳ ಕಾಡಿಗೆ ಒಂದಿಷ್ಟೂ ಸೊಟ್ಟವಿರಲಿಲ್ಲ.

“ಅಕಿ ಯಾರ್ರಿ?” ಎಂದಳು ಗಂಡಿನ ತಾಯಿ.

“ಬಾಜೂ ಮನಿ ಹುಡುಗಿ” ಎಂದಳು ಆಯಿ ಒಳಗಿನಿಂದ.

“ಅಲ್ರಿ, ನಾ ಇವರ ಸಣ್ಣ ಮಗಳು” ಎಂದು ಮೇಲಿನಿಂದ ಉತ್ತರ ಬಂತು. “ಅಕ್ಕನ ಗಲ್ಲದ ಮ್ಯಾಲ ಕರೇ ನೀರ ಇಳದೈತಿ, ಒರಸ್ಕೋ ಅಂತ ಹೇಳಾಕ ಬಂದೇನ್ರಿ.”

ಕಾಕಾ ನಕ್ಕುಬಿಟ್ಟ. ಅಪ್ಪ ನೆಲ ನೋಡಿದ. ನಾನು ಗಲ್ಲ ಮುಟ್ಟಿ ನೋಡಿಕೊಂಡರೆ ಬೆರಳೆಲ್ಲ ಕಪ್ಪು. ಅವಳು ನನ್ನ ಒಳ್ಳೆಯದಕ್ಕೇ ಬಂದಿದ್ದಳು ಎಂದು ಎಲ್ಲರೂ ಹೇಳಿದರು, ಇವತ್ತಿಗೂ ಹೇಳುತ್ತಾರೆ. ಬಂದಿರಬಹುದು. ಖಾಲಾನನ್ನು ಕಳಿಸಬಹುದಿತ್ತು, ಒಂದು ಹರಳು ಎಸೆಯಬಹುದಿತ್ತು. ಮುಖ ತೋರಿಸಬೇಕಿತ್ತೇ? ನಾನು ತಿರುಗಿ ಗಂಡಿನ ಕಡೆ ನೋಡಿದೆ. ಅವರು ಆಗ ಕಣ್ಣು ಕೆಳಗಿಳಿಸಿದ್ದರು. ನಾನು ಅವರನ್ನು ಎಷ್ಟು ಸಿಟ್ಟಿನಿಂದ ನೋಡಿದೆನೆಂದರೆ ಅವರು ಚಹಾದ ಬಸಿಯನ್ನು ಕೆಳಗಿಟ್ಟುಬಿಟ್ಟರು.

ಅವರು ಹೋದ ಮೇಲೆ ಯಾರೂ ಯಾರನ್ನೂ ಬೈಯಲಿಲ್ಲ. ಬೈಯಲು ಏನೂ ಉಳಿದಿರಲಿಲ್ಲ. ಈ ಸಲವೂ ಸಣ್ಣವಳನ್ನೇ ಕೇಳುತ್ತಾರೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಅವ್ವ ಮತ್ತು ಆಯಿ ಅಡುಗೆಮನೆಯಲ್ಲಿ ಕುಳಿತು, ಮನೆತನ ಒಳ್ಳೆಯದು, ಕೇಳಿದರೆ ಸಣ್ಣವಳನ್ನೇ ಕೊಟ್ಟುಬಿಡುವುದೋ ಹೇಗೆ ಎಂದು ಮಾತನಾಡುವುದು ನನ್ನ ಕಿವಿಗೆ ಬಿತ್ತು. ತಂಗಿ ನನ್ನ ಹತ್ತಿರ ಬಂದು, “ಕೇಳಿದ್ರ ನಾ ಒಲ್ಲೆ ಅಂತೇನಿ ಅಕ್ಕಾ” ಎಂದಳು. ಆ ಮಾತು ನನಗೆ ಚುಚ್ಚಿದಷ್ಟು ಬಾಗೇವಾಡಿಯ ಹೆಂಗಸಿನ ಮಾತೂ ಚುಚ್ಚಿರಲಿಲ್ಲ. ನನಗೆ ಬರಬೇಕಾದದ್ದನ್ನು ಅವಳು ಬೇಡವೆಂದು ಬಿಟ್ಟುಕೊಡುವುದೇನು, ಅದು ಅವಳ ಆಸ್ತಿಯೇ? ಆ ವಾರ ನಾನು ಅವಳ ಜೊತೆ ಮಾತು ಬಿಟ್ಟೆ. ಅವಳು ಇತ್ತ ಬಂದರೆ ಅತ್ತ ಹೋಗುತ್ತಿದ್ದೆ.

ವಾರದ ಕೊನೆಗೆ ಮಾವ ಸಿಂದಗಿಯ ಬಸ್ಸಿಳಿದು ಬಂದ. ಕಾಲು ತೊಳೆಯದೆ, ನೀರು ಕುಡಿಯದೆ ಕಟ್ಟೆಯ ಮೇಲೆ ಕುಳಿತು, “ದೊಡ್ಡಾಕಿನ್ನ ಒಪ್ಪ್ಯಾರ” ಎಂದ.

“ಬಾಯಿ ತಪ್ಪಿ ಅಂದಿರಬೇಕು, ಸರಿಯಾಗಿ ಕೇಳಿದೇನು?” ಎಂದಳು ಆಯಿ.

“ಕೇಳೇನಿ. ಚಾಳೀಸಿನಾಕಿ ಅಂತನ ಅಂದ್ರು. ಪಡಸಾಲ್ಯಾಗಿನ ಅಷ್ಟ ಮಂದ್ಯಾಗ ಖರೇ ಹೇಳಿದಾಕಿ ಅಕಿ ಒಬ್ಬಾಕಿ, ನಮ್ಮ ಮನೀಗಿ ಅಕಿನ ಬೇಕು ಅಂದ್ಲು ಹುಡುಗನ ತಾಯಿ. ಹುಡುಗಂದೂ ಒಪ್ಪಿಗಿ ಐತಿ.”

ಅವ್ವ ದೇವರ ಮುಂದೆ ಸಕ್ಕರೆ ಇಟ್ಟಳು. ನಾನು ಚಾಳೀಸು ಒರೆಸಿ ಮತ್ತೆ ಹಾಕಿಕೊಂಡು ಮಾವನ ಮುಖ ನೋಡಿದೆ, ಚೇಷ್ಟೆ ಮಾಡುತ್ತಿದ್ದಾನೋ ಎಂದು. ಇಲ್ಲ. ತಂಗಿ ಬಂದು ನನ್ನನ್ನು ತಬ್ಬಿಕೊಂಡಳು. ತಬ್ಬಿಕೊಳ್ಳಲು ಬಿಟ್ಟೆ.

ಮದುವೆಯ ದಿನ ನನ್ನ ಕಣ್ಣಿಗೆ ಕಾಡಿಗೆ ಹಚ್ಚಿದವಳೂ ಅವಳೇ, ಬೇರೆ ಯಾರ ಕೈಯೂ ಅಷ್ಟು ಸ್ಥಿರವಿರಲಿಲ್ಲ. ಉಸಿರು ಬಿಗಿಹಿಡಿದು, ನಾಲಿಗೆಯ ತುದಿ ಹೊರಗೆ ಹಾಕಿ, ಮುಖ ನನ್ನ ಮುಖಕ್ಕೆ ತಾಗುವಷ್ಟು ಹತ್ತಿರ ತಂದು ಗೆರೆ ಎಳೆದಳು. ಅಷ್ಟು ಹತ್ತಿರವಾದರೆ ನನಗೆ ಚಾಳೀಸು ಇಲ್ಲದೆಯೂ ಕಾಣುತ್ತದೆ. ಅವಳು ನನ್ನ ಕಣ್ಣು ತೀಡುವಷ್ಟು ಹೊತ್ತೂ ನಾನು ಅವಳ ಕಣ್ಣಿನಲ್ಲಿ ಒಂದು ಕುಂದು ಹುಡುಕಿದೆ. ಸಿಗಲಿಲ್ಲ. ಆದರೂ ಅವತ್ತು ನನಗೆ ಒಂದು ಧೈರ್ಯವಿತ್ತು. ಮುದ್ದೇಬಿಹಾಳದ ಒಬ್ಬರು ಈ ಕಣ್ಣನ್ನೂ ನೋಡಿ, ನನ್ನನ್ನೂ ನೋಡಿ, ನನ್ನನ್ನು ಆರಿಸಿದ್ದಾರೆ. ಆ ಧೈರ್ಯದ ಮೇಲೆ ಗಂಡನ ಮನೆಗೆ ಹೋದೆ.

ಮುದ್ದೇಬಿಹಾಳದಲ್ಲಿ ನನಗೆ ಯಾವುದಕ್ಕೂ ಕೊರತೆ ಇರಲಿಲ್ಲ. ಅತ್ತೆ ಚಾಳೀಸು ಹಾಕಿಕೊಂಡೇ ರೊಟ್ಟಿ ಬಡಿ ಎಂದಳು, ಹಾಕಿಕೊಂಡೇ ನೆರೆಯವರ ಮನೆಗೆ ಅರಿಶಿನ ಕುಂಕುಮಕ್ಕೆ ಕರೆದುಕೊಂಡು ಹೋದಳು. ನಾನು ಬಿಡದೆ ಅಭ್ಯಾಸ ಮಾಡಿ, ಕನ್ನಡಿಯಿಲ್ಲದೆ ಬೆರಳಿನ ಅಂದಾಜಿನಿಂದಲೇ ಕಾಡಿಗೆ ಹಚ್ಚಿಕೊಳ್ಳಲು ಕಲಿತೆ. ಮದುವೆಯಾಗಿ ಒಂದು ಪಂಚಮಿ ಕಳೆದಿತ್ತು. ಒಂದು ಬೆಳಿಗ್ಗೆ ಹೀಗೆಯೇ ಹಚ್ಚಿಕೊಳ್ಳುತ್ತ ಕುಳಿತಿದ್ದೆ. ನನ್ನವರು ಬಾಗಿಲಲ್ಲಿ ಕುಳಿತು ಚಹಾ ಕುಡಿಯುತ್ತ ನನ್ನನ್ನೇ ನೋಡುತ್ತಿದ್ದರು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ, ನೋಡಲು ಬೇರೆ ಯಾವ ಕಣ್ಣೂ ಇರಲಿಲ್ಲ. ನನಗೆ ಸುಖವಾಗಿತ್ತು. ಸುಖವಾಗಿದ್ದವಳು ಸುಮ್ಮನೆ ಇರಬೇಕಿತ್ತು.

“ಅವತ್ತ ನಮ್ಮ ಮನ್ಯಾಗ ಅಷ್ಟೊತ್ತು ಮ್ಯಾಲ ಏನ ನೋಡಾಕತ್ತಿದ್ರಿ?” ಎಂದು ಕೇಳಿದೆ.

ಅವರು ವಿಚಾರ ಮಾಡಲೂ ಇಲ್ಲ. “ನಿನ್ನ ತಂಗಿ ಕಣ್ಣು. ಅಂಥಾ ಕಣ್ಣು ನಾ ಎಲ್ಲೂ ನೋಡಿಲ್ಲ ನೋಡು” ಎಂದರು.

“ಮತ್ತ ನನ್ನ ಯಾಕ ಒಪ್ಪಿದ್ರಿ?”

“ನಮ್ಮವ್ವ ನಿನ್ನ ಒಪ್ಪಿದ್ಲು. ಅವ್ವ ಹೇಳಿದ್ದು ಬರೋಬ್ಬರಿ ಅನಿಸ್ತು. ಈಗ ನೋಡು, ನಿನ್ನ ಬಿಟ್ಟು ನನಗ ಒಂದಿನ ಆಗಂಗಿಲ್ಲ.” ಇಷ್ಟು ಹೇಳಿ, ಬಸಿಯಲ್ಲಿ ಉಳಿದಿದ್ದ ಚಹಾ ಕುಡಿದು, ಕರಿ ಟೊಪ್ಪಿಗೆ ಹಾಕಿಕೊಂಡು ಅಂಗಡಿಗೆ ಹೋದರು.

ಕೊನೆಯ ಮಾತನ್ನು ಅವರು ಮನಸ್ಸಿನಿಂದಲೇ ಹೇಳಿದರು. ಮುಂದೆ ಅಷ್ಟೂ ವರ್ಷ ಹಾಗೆಯೇ ನಡೆದುಕೊಂಡರು ಕೂಡ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅವತ್ತು ನನ್ನ ಒಂದು ಕಣ್ಣಿಗೆ ಕಾಡಿಗೆ ಆಗಿತ್ತು, ಇನ್ನೊಂದು ಬಾಕಿ ಇತ್ತು. ಡಬ್ಬಿ ಮುಚ್ಚಿ ಎದ್ದೆ. ಇಷ್ಟು ಜನರ ನಡುವೆ ಒಬ್ಬರಾದರೂ ಅವಳ ಕಣ್ಣು ಕಂಡೂ ತಾವಾಗಿಯೇ ನನ್ನನ್ನು ಆರಿಸಿದ್ದಾರೆ ಎಂದು ನಾನು ನಂಬಿಕೊಂಡಿದ್ದೆ. ಮೊದಲು ನಿನ್ನನ್ನೇ ನೋಡಿದೆ ಎಂದು ಒಂದು ಸುಳ್ಳು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?